ಬೆನ್ನು ನೋಡು

ಮುಖ ಎಲ್ಲಾರೂ ನೋಡ್ತಾರೆ, ನೀ ಬೆನ್ನು ನೋಡು ಅನ್ನುತ್ತಿದ್ದ
ಗೌಸ್‌ಪೀರ್, ಕೌಲ್ ಬಜಾರಿನ ಮಷಿನ್ ರಿಪೇರಿಯವ,
ಎಣ್ಣೆಗೈಯಲ್ಲಿ ಒಂದು ಹಿತ್ತಾಳೆ ಗುಂಡಿ ಹಿಡಿದು.
ಮುಖದಲ್ಲಿ ರೆಕ್ಕೆ ಬಿಚ್ಚಿದ ಹದ್ದು,
ಒಂದು ಕಾಲಲ್ಲಿ ಬಾಣ, ಇನ್ನೊಂದರಲ್ಲಿ ಎಲೆಯ ಗೊಂಚಲು.
ಬೆನ್ನಲ್ಲಿ ತಂತಿಯ ಕೊಕ್ಕೆ, ಅದರ ಸುತ್ತ
ಮಾಡಿದವರ ಹೆಸರು, ಸಾಸಿವೆಗಿಂತ ಸಣ್ಣಗೆ.
ಅಕ್ಷರ ಉಬ್ಬಿದ್ದರೆ ಒಂದು ಕಾಲ, ತಗ್ಗಿದ್ದರೆ ಇನ್ನೊಂದು,
ಬೆನ್ನು ನುಣ್ಣಗಿದ್ದರೆ
ಕೊಟ್ಟವನ ಮುಖ ಇನ್ನೊಮ್ಮೆ ನೋಡು.

ದಿನಕ್ಕೆ ನಾಲ್ಕು ಸಾವಿರ ಗುಂಡಿ ಒತ್ತುವ ಕೈ ನನ್ನದು
ಜೀನ್ಸ್ ಯೂನಿಟ್ಟಿನಲ್ಲಿ. ಧಡ್. ಧಡ್. ಧಡ್.
ಒಂದರ ಬೆನ್ನನ್ನೂ ನೋಡಿದವನಲ್ಲ.

ಸ್ಯಾಂಪಲ್ಲಿಗೆಂದು ಮಾಲೀಕ ತರಿಸುವ ಹಳೇ ಬಟ್ಟೆಯ ಬೇಲು
ಹಡಗು ಇಳಿದು, ಲಾರಿ ಹತ್ತಿ, ನಮ್ಮ ಬಾಗಿಲಿಗೆ ಬಂದು ಬಿಚ್ಚಿದರೆ
ಯಾರದೋ ಬೀರುವಿನ ವಾಸನೆ:
ನುಸಿಗುಳಿಗೆ, ತಂಬಾಕು, ಹೆಸರಿಲ್ಲದ ಮತ್ತೊಂದು.
ನಾವು ಅಳತೆ ಹುಡುಕುವಾಗ
ಅವನು ಹಸಿರು ಹುಡುಕುತ್ತಿದ್ದ.
ಮೀನಿನ ಮುಳ್ಳಿನಂಥ ನೇಯ್ಗೆಯ ಆ ದಂಡಿನ ಹಸಿರು,
ಗುಂಡಿಯ ಸುತ್ತ ಹದಿಮೂರು ಚುಕ್ಕಿ.
ಎಣಿಸು, ಅನ್ನುತ್ತಿದ್ದ.
ಹನ್ನೆರಡಿದ್ರೆ?
ಹನ್ನೆರಡಿದ್ರೆ ಚಾ ಕುಡಿದು ಮನೀಗೆ ಹೋಗು.

ಅವನಿಗೆ ಬರೆಯಲು ಬರದು. ಚೀಟಿ ಬರೆಯುವವ ನಾನು,
ಪ್ಯಾಂಟಿನ ಬೆಲೆಪಟ್ಟಿಯ ಹಿಂಬದಿಗೆ, ಸೀಸದ ಕಡ್ಡಿಯಲ್ಲಿ:
ಕಾಲಾಳು. ಕುದುರೆ ದಂಡು. ತೋಪಿನವರು.
ಗೊತ್ತಿಲ್ಲ. ಗೊತ್ತಿಲ್ಲ. ಖೋಟಾ.
ಬಿಸ್ಕತ್ತಿನ ಡಬ್ಬಿಯಲ್ಲಿ ಗೊತ್ತಿಲ್ಲಗಳೇ ಜಾಸ್ತಿ.

ಒಂದು ಹಬ್ಬಕ್ಕೆ ನನಗೇ ಒಂದು ಹದ್ದು ಕೊಟ್ಟ.
ನಮ್ಮವ್ವ ದೇವರ ಸಾಮಾನಿನ ಸಂಗಡ ಹುಣಿಸೆಹಣ್ಣು ಹಚ್ಚಿ
ಥಳಥಳ ತಿಕ್ಕಿ ದೀಪದ ಪಕ್ಕ ಇಟ್ಟಿದ್ದಳು.
ಗರುಡ ಅಂದ್ಕೊಂಡೆನಪಾ, ಅಂದಳು.
ಗೌಸ್‌ಪೀರ್ ಎರಡು ದಿನ ಮಾತಾಡಲಿಲ್ಲ.
ಮೂರನೆಯ ದಿನ, ಸೂಜಿ ಸಿಕ್ಕಿಕೊಂಡ ಮಷಿನ್ನಿನ ಹೊಟ್ಟೆಯೊಳಗಿಂದಲೇ:
ನೂರೈವತ್ತು ವರ್ಷದ ಕಪ್ಪು ಹೋತಲ್ಲೋ ಯಂಕೋಬ.
ಇನ್ನು ಅದು ಗರುಡನೇ. ಇರಲಿ ಬಿಡು.

ಮೇ ತಿಂಗಳು, ಕರೆಂಟು ಹೋಗಿತ್ತು.
ಗುಡ್ಡದ ಬಂಡೆ ಕಾದು ಊರಿಗೇ ಉಸಿರು ಬಿಡುತ್ತಿತ್ತು.
ಒಂದು ಜಾಕೀಟಿನ ಒಳಜೇಬಿನಲ್ಲಿ ಸಿಕ್ಕಿತು
ಭುಜಕ್ಕೆ ಹೊಲಿಯುವ ಬಿಲ್ಲೆ, ಗುರಾಣಿಯ ಆಕಾರ.
ಕೆಳಗೆ ಕೆಂಪು ಬಿಳಿ ಪಟ್ಟೆ, ಮೇಲೆ ನೀಲಿ,
ನೀಲಿಯಲ್ಲಿ ಒಂದು ಸೂರ್ಯ, ಒಂದು ನಕ್ಷತ್ರ.
ಬಟ್ಟೆ ಅಂಗಡಿಯ ಸೇಠನಿಂದ ಖೋಟಾ ನೋಟು ಹಿಡಿಯುವ
ಬ್ಯಾಟರಿ ದೀಪ ಕೇಳಿ ತಂದೆವು. ಹೊಸ ನೂಲಾದರೆ
ಆ ಬೆಳಕಿಗೆ ಬಾಯಿಬಿಡುತ್ತದೆ.
ನನ್ನ ಅಂಗಿ ಉರಿಯಿತು, ಅವನ ಟೋಪಿ ಉರಿಯಿತು,
ನಡುವೆ ಬಿಲ್ಲೆ, ಏನೂ ಹೇಳದೆ,
ಬಾವಿಯ ಹಾಗೆ ಕಪ್ಪಗೆ.

ಆದರೆ ಸೂರ್ಯನಿಗೆ ಹನ್ನೆರಡು ಕಿರಣ ಇರಬೇಕು.
ನಾನು ಮೂರು ಸಲ ಎಣಿಸಿದೆ. ಹನ್ನೊಂದು.
ಖೋಟಾ ಅಂತ ಬರೆಯಲೇ ಅಂದೆ.
ಅವನು ತಿರುವಿದ.

ಬೆನ್ನಿಗೆ ಹಳೇ ಧೋತ್ರದ ತುಂಡು ಕೊಟ್ಟು
ಕೈಯಲ್ಲಿ ಹೊಲಿದದ್ದು. ಮೂಲೆಯಲ್ಲಿ ಒಂದು ಗಂಟು.
ಕಾರ್ಖಾನಿ ಹಿಂಗ ಗಂಟು ಹಾಕಂಗಿಲ್ಲ, ಅಂದ.
ಆ ಯುದ್ಧಕ್ಕೆ ಅವರು ನಮ್ಮ ಕಡೆ ಬಂದಿದ್ದರಂತೆ,
ಬಿಲ್ಲೆ ಸಾಲದೆ, ರಸ್ತೆ ಬದಿಯ ದರ್ಜಿಗಳ ಮುಂದೆ
ಒಂದನ್ನು ಹರವಿ, ಇಂಥದ್ದೇ ಬೇಕು ಅಂದರಂತೆ.
ಕಲಕತ್ತೆಯೋ ಕರಾಚಿಯೋ,
ಚಕ್ಕಳಮಕ್ಕಳ ಕೂತ ಒಬ್ಬ ಮನುಷ್ಯ
ಕಂಡಿರದ ದೇಶದ ಸೂರ್ಯನನ್ನು ಕಣ್ಣಳತೆಯಲ್ಲಿ ಹೊಲಿಯುತ್ತ
ಒಂದು ಕಿರಣ ಮರೆತ. ಅಥವಾ ನೂಲು ಮುಗಿಯಿತು.
ಅಥವಾ ಯಾರೋ ಕರೆದರು.

ಗಂಟಿನ ಮೇಲೆ ಗೌಸ್‌ಪೀರನ ಉಗುರು
ಬಹಳ ಹೊತ್ತು ನಿಂತಿತ್ತು.
ಇದು ಎಡಗೈ, ಅಂದ.

ದೇಶ ಯಾವುದು ಬರೀಲಿ ಎಂದು ಕೇಳುವಷ್ಟರಲ್ಲಿ
ಕರೆಂಟು ಬಂತು, ನಲವತ್ತು ಮಷಿನ್ನು ಒಟ್ಟಿಗೇ ಎದ್ದವು.
ಅವನ ತುಟಿ ಆಡಿದ್ದು ಕಂಡೆ, ಮಾತು ಕೇಳಲಿಲ್ಲ.
ಮತ್ತೆ ಕೇಳಿದವನೂ ಅಲ್ಲ.

ಚೀಟಿಯಲ್ಲಿ ಇಷ್ಟಿದೆ:
ಕಿರಣ ಹನ್ನೊಂದು. ಗಂಟು ಎಡಗೈಯದು.
ಆಮೇಲೆ ಒಂದು ಸಾಲಿನಷ್ಟು ಜಾಗ.